ಎಂಎಂಎ ಕಲಿಯಲು ಹೊರಟವರಿಗೆ: ಮೊದಲು ನೆಲ, ಆಮೇಲೆ ಗುದ್ದು

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಮೊಟ್ಟಮೊದಲ ಯುಎಫ್‌ಸಿ, ಅಂದರೆ ಬೇರೆಬೇರೆ ಸಮರಕಲೆಗಳ ಪಟುಗಳು ಸೆಣಸುವ ಪಂದ್ಯಾವಳಿ, ನಡೆಯಿತು. ಆರ್ಟ್ ಜಿಮ್ಮರ್‌ಸನ್ ಎಂಬ ವೃತ್ತಿಪರ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ತೊಟ್ಟು ಕಣಕ್ಕಿಳಿದ. ಎದುರಿಗಿದ್ದವನು ಬ್ರೆಜಿಲ್‌ನ ರಾಯ್ಸ್ ಗ್ರೇಸಿ. ಎಂಬತ್ತು ಕಿಲೋ ಆಸುಪಾಸಿನ, ನೋಡಲು ಸಣಕಲನಂತಿದ್ದ, ನೆಲದ ಮೇಲೆ ಪಟ್ಟು ಹಾಕುವ ಜಿಯು-ಜಿಟ್ಸು ವಿದ್ಯೆಯ ಪಟು. ಗ್ರೇಸಿ ಅವನನ್ನು ಕೆಡವಿ ಎದೆಯ ಮೇಲೆ ಏರಿ ಕುಳಿತ. ಕುತ್ತಿಗೆಗೆ ಪಟ್ಟು ಬಿದ್ದಿರಲಿಲ್ಲ, ತೋಳು ತಿರುಚಿರಲಿಲ್ಲ. ಆದರೂ ಜಿಮ್ಮರ್‌ಸನ್ ತಟ್ಟಿ ಸೋಲೊಪ್ಪಿಕೊಂಡ. ಮೈಮೇಲೆ ಕುಳಿತವನನ್ನು ಇಳಿಸುವ ವಿದ್ಯೆ ಅವನ ಬಳಿ ಇರಲಿಲ್ಲ. ಗ್ರೇಸಿ ಅದೇ ರಾತ್ರಿ ಇನ್ನಿಬ್ಬರನ್ನು ಮಣಿಸಿ ಪ್ರಶಸ್ತಿ ಗೆದ್ದ.

ಮೂವತ್ತು ವರ್ಷಗಳ ಮೇಲಾದರೂ ಎಂಎಂಎ (ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್, ಹಲವು ಸಮರಕಲೆಗಳ ಬೆರಕೆಯ ಕ್ರೀಡೆ) ಕಲಿಯಲು ಬರುವ ಹೆಚ್ಚಿನವರ ಕಣ್ಣ ಮುಂದೆ ಇರುವುದು ಗುದ್ದು ಮತ್ತು ಒದೆತ ಮಾತ್ರ. ಮೊಬೈಲಿನಲ್ಲಿ ನೋಡಿದ ನಾಕೌಟ್ ತುಣುಕುಗಳು ಅವರನ್ನು ಜಿಮ್‌ವರೆಗೆ ಕರೆತಂದಿರುತ್ತವೆ. ಮೊದಲ ದಿನವೇ ಗುದ್ದುವ ಚೀಲಕ್ಕೆ ಹೊಡೆಯಲು ಕೈ ತುರಿಸುತ್ತಿರುತ್ತದೆ. ನನ್ನ ಸಲಹೆ ಇದಕ್ಕೆ ವಿರುದ್ಧ. ಮೊದಲ ಆರು ತಿಂಗಳು ನಿಮ್ಮ ಸಮಯದ ದೊಡ್ಡ ಪಾಲನ್ನು ನೆಲದ ಆಟಕ್ಕೆ, ಅಂದರೆ ಕುಸ್ತಿ ಮತ್ತು ಜಿಯು-ಜಿಟ್ಸುವಿಗೆ ಕೊಡಿ. ನೆಲದ ಮೇಲೆ ಕೆಲವೇ ವಾರಗಳಲ್ಲಿ ಎದುರಾಳಿಯ ನಿಜವಾದ ಪ್ರತಿರೋಧದ ವಿರುದ್ಧ ಕಲಿಯಲು ಆರಂಭಿಸಬಹುದು. ಪಟ್ಟು ಬಿಗಿಯಾದರೆ ನೀವು ತಟ್ಟುತ್ತೀರಿ, ಅವನು ಬಿಡುತ್ತಾನೆ, ಮತ್ತೆ ಶುರು. ಗುದ್ದಿಗೆ ಅಂಥ ಸೌಲಭ್ಯವಿಲ್ಲ. ಅದು ತಗುಲಿದ ಮೇಲೆ ತಟ್ಟಿ ಏನು ಪ್ರಯೋಜನ? ಹಾಗಾಗಿ ಹೊಡೆತದ ವಿದ್ಯೆಯನ್ನು ನಿಧಾನವಾಗಿ, ಮೆತ್ತಗೆ, ತಿಂಗಳುಗಟ್ಟಲೆ ಕಲಿಯಬೇಕಾಗುತ್ತದೆ. ಹಿಡಿತದ ವಿದ್ಯೆಗೆ ಆ ಮಿತಿ ಕಡಿಮೆ.

ಕಲಿಯಬೇಕಾದದ್ದು ಏನೇನು

ಎಂಎಂಎ ಎಂದರೆ ಮೂರು ವಿದ್ಯೆಗಳು ಮತ್ತು ಅವುಗಳ ನಡುವಿನ ಸಂದಿಗಳು. ನಿಂತು ಹೊಡೆಯುವುದಕ್ಕೆ ಬಾಕ್ಸಿಂಗ್ ಮತ್ತು ಥಾಯ್ಲೆಂಡ್‌ನ ಮುಯೆ ಥಾಯ್. ಕೆಡವುವುದಕ್ಕೆ ಕುಸ್ತಿ ಅಥವಾ ಜೂಡೊ. ನೆಲದ ಮೇಲೆ ಹಿಡಿದು ಸೋಲೊಪ್ಪಿಸುವುದಕ್ಕೆ ಬ್ರೆಜಿಲಿಯನ್ ಜಿಯು-ಜಿಟ್ಸು. ಎಲ್ಲರೂ ಒಂದಲ್ಲ ಒಂದು ಬಾಗಿಲಿನಿಂದಲೇ ಒಳಗೆ ಬರುತ್ತಾರೆ. 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ಚೀನಾದ ಸಮರಕಲೆಯಾದ ವುಶುವಿನಿಂದ ಬಂದವರು. ರೀತು ಫೋಗಟ್ 2019ರಲ್ಲಿ ಕುಸ್ತಿಯ ಮ್ಯಾಟ್ ಬಿಟ್ಟು ಈ ಕಡೆಗೆ ಬಂದರು. ಒಂದೂ ಪಂದ್ಯ ಸೋಲದೆ ನಿವೃತ್ತನಾದ, ರಷ್ಯಾದ ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್‌ನ ಆಟದ ತಳಪಾಯ ಕುಸ್ತಿ ಮತ್ತು ರಷ್ಯಾದ ಹಿಡಿತದ ವಿದ್ಯೆ ಸಾಂಬೊ.

ಕನ್ನಡಿಗರಿಗೆ ಈ ಬೆರಕೆ ತೀರ ಹೊಸದೇನೂ ಅಲ್ಲ. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗದಲ್ಲಿ ಹೊಡೆತವೂ ಇದೆ, ಹಿಡಿತವೂ ಇದೆ; ರಕ್ತ ಕಾಣಿಸಿದ ಕೂಡಲೇ ಕಾಳಗ ನಿಲ್ಲುತ್ತದೆ. ಅದು ವಿಧಿ, ಇದು ಕ್ರೀಡೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಗರಡಿಮನೆಯ ಕುಸ್ತಿ ಮಾತ್ರ ಎಂಎಂಎಗೆ ನೇರವಾಗಿ ಒದಗುತ್ತದೆ. ನಿಮ್ಮ ಊರಿನಲ್ಲಿ ಎಂಎಂಎ ಜಿಮ್ ಇಲ್ಲದೆ ಗರಡಿ ಇದ್ದರೆ ಹಿಂದೆಮುಂದೆ ನೋಡದೆ ಅಲ್ಲಿಗೆ ಹೋಗಿ. ಬೆಳಗಾವಿ, ಧಾರವಾಡ, ದಾವಣಗೆರೆ, ಮೈಸೂರು ಸೀಮೆಯವರಿಗೆ ಇದು ಕಷ್ಟವಾಗದು. ವರ್ಷವಿಡೀ ಸಾಮು ಮಾಡಿ, ಕೆಮ್ಮಣ್ಣಿನಲ್ಲಿ ಜೋಡಿ ಹಿಡಿದವನ ಸೊಂಟ, ಕತ್ತು, ಹಿಡಿತಗಳ ಬಲವನ್ನು ಹವಾನಿಯಂತ್ರಿತ ಜಿಮ್‌ನಲ್ಲಿ ಸಂಪಾದಿಸುವುದು ಸುಲಭವಲ್ಲ.

ಗರಡಿಯಿಂದ ಬರುವವರು ಒಂದು ಅಭ್ಯಾಸವನ್ನು ಮಾತ್ರ ಬಿಡಬೇಕಾಗುತ್ತದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಬೀಳುವಾಗ ಪೈಲ್ವಾನನ ಮೈ ತಾನಾಗಿ ಹೊಟ್ಟೆಯಡಿಯಾಗಿ ಹೊರಳುತ್ತದೆ. ಎಂಎಂಎಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಏನೂ ಮುಗಿಯುವುದಿಲ್ಲ, ಆದರೆ ಹೊಟ್ಟೆಯಡಿ ಹೊರಳಿ ಬೆನ್ನು ಕೊಟ್ಟರೆ ಹಿಂದಿನಿಂದ ಕುತ್ತಿಗೆಗೆ ತೋಳು ಬೀಳುತ್ತದೆ. ಅನುಭವಿ ಕುಸ್ತಿಪಟುಗಳೇ ಹೊಸದರಲ್ಲಿ ಹೀಗೆ ಸಿಕ್ಕಿಬೀಳುತ್ತಾರೆ.

ಜಿಮ್ ಆರಿಸುವುದು

ಇದಕ್ಕೆ ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಮಯ ಕೊಡಿ. ಎಂಎಂಎ ಎಂಬ ಮೂರಕ್ಷರಕ್ಕೆ ಈಗ ಮಾರುಕಟ್ಟೆ ಇದೆ. ನಿನ್ನೆಯವರೆಗೆ ಕರಾಟೆ ತರಗತಿಯಾಗಿದ್ದದ್ದು ಬೋರ್ಡು ಬದಲಿಸಿಕೊಂಡು ಇಂದು ಎಂಎಂಎ ಅಕಾಡೆಮಿ ಆಗಿರುವುದುಂಟು. ಕರಾಟೆಯ ಮೇಲೆ ನನಗೆ ತಕರಾರಿಲ್ಲ. ನೆಲದ ಆಟವನ್ನೇ ಕಲಿಸದ ಜಾಗವನ್ನು ಎಂಎಂಎ ಎಂದು ಕರೆಯುವುದರ ಮೇಲೆ ಇದೆ.

ಹಣ ಕಟ್ಟುವ ಮೊದಲು ಒಂದು ಪೂರ್ತಿ ತರಗತಿಯನ್ನು ಬದಿಯಲ್ಲಿ ಕುಳಿತು ನೋಡಲು ಅನುಮತಿ ಕೇಳಿ. ಒಳ್ಳೆಯ ಜಿಮ್‌ಗಳು ಇದಕ್ಕೆ ಬೇಡವೆನ್ನುವುದಿಲ್ಲ, ಹಲವು ಕಡೆ ಒಂದು ತರಗತಿಯನ್ನು ಉಚಿತವಾಗಿಯೇ ಕೊಡುತ್ತಾರೆ. ತರಬೇತುದಾರನ ಮೈಕಟ್ಟು ನೋಡುವುದಕ್ಕಿಂತ ಹೊಸಬರ ಮುಖ ನೋಡಿ. ಅವರನ್ನು ಯಾರ ಜೊತೆ ಜೋಡಿ ಹಾಕಿದ್ದಾರೆ? ಎಪ್ಪತ್ತು ಕಿಲೋದ ಹಳಬ ಐವತ್ತು ಕಿಲೋದ ಹೊಸಬಳೊಂದಿಗೆ ಮೆತ್ತಗೆ ಆಡುತ್ತಿದ್ದಾನೆಯೇ, ಅಥವಾ ತನ್ನ ಪ್ರತಾಪ ತೋರಿಸುತ್ತಿದ್ದಾನೆಯೇ? ಯಾರಾದರೂ ತಟ್ಟಿದಾಗ ಪಟ್ಟು ಆ ಕ್ಷಣವೇ ಸಡಿಲವಾಗುತ್ತದೆಯೇ? ಇಷ್ಟನ್ನು ಒಂದು ಗಂಟೆಯಲ್ಲಿ ತಿಳಿಯಬಹುದು.

ತರಬೇತುದಾರನನ್ನು ನೇರವಾಗಿ ಕೇಳಿ: ನೀವು ಯಾರ ಬಳಿ ಕಲಿತಿರಿ, ಯಾವ ಸ್ಪರ್ಧೆಗಳಲ್ಲಿ ಆಡಿದ್ದೀರಿ, ನಿಮ್ಮ ಶಿಷ್ಯರಲ್ಲಿ ಯಾರು ಆಡುತ್ತಿದ್ದಾರೆ? ಜಿಯು-ಜಿಟ್ಸುವಿನಲ್ಲಿ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ವಯಸ್ಕರ ಬೆಲ್ಟ್‌ಗಳು ಮುಖ್ಯವಾಗಿ ಐದು. ಕಪ್ಪು ಬೆಲ್ಟ್‌ಗೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕಾಗುತ್ತದೆ, ಮತ್ತು ಅದನ್ನು ಕೊಟ್ಟ ಗುರುವಿನ ಹೆಸರನ್ನು ಯಾರೂ ಮುಚ್ಚಿಡುವುದಿಲ್ಲ. ನೀಲಿ ಬೆಲ್ಟ್‌ನ ಒಬ್ಬ ಪ್ರಾಮಾಣಿಕ ತರಬೇತುದಾರ ಹೊಸಬರಿಗೆ ಧಾರಾಳವಾಗಿ ಸಾಕು. ಗುರುಪರಂಪರೆ ಕೇಳಿದರೆ ಮಾತು ಹಾರಿಸುವವನ ಕಪ್ಪು ಬೆಲ್ಟ್ ಬೇಡ.

ಸೇರಿದ ವಾರವೇ ಹೊಸಬರನ್ನು ಜೋರಿನ ಸ್ಪಾರಿಂಗ್‌ಗೆ, ಅಂದರೆ ಜೊತೆಗಾರನೊಂದಿಗೆ ಹೊಡೆದಾಡುವ ಅಭ್ಯಾಸಕ್ಕೆ ಇಳಿಸಿ, "ಗಟ್ಟಿಯಾಗಲಿ" ಎನ್ನುವ ಜಾಗದಿಂದ ಎದ್ದು ಬನ್ನಿ. ಆ ಹೊಡೆತಗಳಿಂದ ಯಾರೂ ಗಟ್ಟಿಯಾಗುವುದಿಲ್ಲ. ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ ಇದೆಯೇ, ತರಗತಿಯಲ್ಲಿ ಬೇರೆ ಹೆಣ್ಣುಮಕ್ಕಳು ಇದ್ದಾರೆಯೇ ಎಂಬುದನ್ನೂ ನೋಡಲಿ. ವರ್ಷಗಳಿಂದ ಹೆಣ್ಣುಮಕ್ಕಳು ಉಳಿದುಕೊಂಡಿರುವ ಜಿಮ್‌ನಲ್ಲಿ ಶಿಸ್ತು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮತ್ತು ಮನೆಗೆ ಹತ್ತಿರವಿರಲಿ. ಬೆಂಗಳೂರಿನಲ್ಲಿ ಒಂದೂವರೆ ಗಂಟೆ ಟ್ರಾಫಿಕ್ ದಾಟಿ ಹೋಗುವ ಅತ್ಯುತ್ತಮ ಜಿಮ್‌ಗಿಂತ ಹದಿನೈದು ನಿಮಿಷದ ಸಾಧಾರಣ ಜಿಮ್ ಮೇಲು, ಏಕೆಂದರೆ ಅಲ್ಲಿಗೆ ನೀವು ನಿಜವಾಗಿ ಹೋಗುತ್ತೀರಿ.

ವೈದ್ಯರ ಬಳಿ ಒಮ್ಮೆ

ವಯಸ್ಸು ಮೂವತ್ತೈದು ದಾಟಿದ್ದರೆ, ರಕ್ತದೊತ್ತಡ, ಉಬ್ಬಸ, ಹೃದಯದ ತೊಂದರೆ ಇದ್ದರೆ, ಹಿಂದೆ ತಲೆಗೆ ಪೆಟ್ಟಾಗಿದ್ದರೆ ಸೇರುವ ಮೊದಲೇ ವೈದ್ಯರನ್ನು ಕಾಣಿ. ದಪ್ಪ ಕನ್ನಡಕದವರು ಕಣ್ಣಿನ ವೈದ್ಯರನ್ನು ಕಾಣಬೇಕು. ಹೆಚ್ಚಿನ ಸಮೀಪದೃಷ್ಟಿ ಇರುವವರ ಅಕ್ಷಿಪಟಲ ಕಳಚಿಕೊಳ್ಳುವ ಅಪಾಯ ಉಳಿದವರಿಗಿಂತ ಜಾಸ್ತಿ. ಅಂಥವರು ಮುಖಕ್ಕೆ ಏಟು ಬೀಳುವ ಅಭ್ಯಾಸವನ್ನೇ ಬಿಟ್ಟು ಜಿಯು-ಜಿಟ್ಸುವಿನಲ್ಲಿ ಉಳಿಯಬೇಕಾಗಬಹುದು. ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಏನು ಕೊಳ್ಳಬೇಕು, ಯಾವಾಗ

ಮೊದಲ ತಿಂಗಳಿಗೆ ಜೇಬು, ಜಿಪ್ ಇಲ್ಲದ ಚಡ್ಡಿ, ಮೈಗೆ ಅಂಟುವ ರ‍್ಯಾಶ್‌ಗಾರ್ಡ್ ಅಂಗಿ ಮತ್ತು ಹಲ್ಲಿನ ಕವಚ ಸಾಕು. ಜೇಬಿಗೆ ಬೆರಳು ಸಿಕ್ಕಿದರೆ ಮುರಿಯುತ್ತದೆ, ಜಿಪ್ ಜೊತೆಗಾರನ ಚರ್ಮ ಗೀರುತ್ತದೆ. ಬಿಸಿನೀರಿನಲ್ಲಿ ಮೆದುಮಾಡಿ ಕಚ್ಚಿ ಹೊಂದಿಸಿಕೊಳ್ಳುವ ಸಾಧಾರಣ ಹಲ್ಲಿನ ಕವಚ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೆಲದ ಆಟದಲ್ಲೂ ಮೊಣಕೈ, ತಲೆ ತಗುಲುತ್ತಿರುತ್ತವೆ, ಆದ್ದರಿಂದ ಅದನ್ನು ಮೊದಲ ದಿನದಿಂದಲೇ ಹಾಕಿ.

ಹೊಡೆತ ಕಲಿಯಲು ಆರಂಭಿಸಿದಾಗ ಕೈಪಟ್ಟಿ ಬೇಕು. 180 ಇಂಚಿನದು, ಅಂದರೆ ಸುಮಾರು ನಾಲ್ಕೂವರೆ ಮೀಟರ್ ಉದ್ದದ್ದು ತೆಗೆದುಕೊಳ್ಳಿ. ಮಣಿಕಟ್ಟು, ಗೆಣ್ಣು, ಹೆಬ್ಬೆರಳು ಮೂರನ್ನೂ ಸುತ್ತುವುದನ್ನು ತರಬೇತುದಾರನಿಂದಲೇ ಕಲಿಯಿರಿ. ಪಟ್ಟಿ ಇಲ್ಲದೆ ಚೀಲಕ್ಕೆ ಬೀಸಿದವರು ಕಿರುಬೆರಳಿನ ಬುಡದ ಮೂಳೆ ಮುರಿದುಕೊಂಡು ಬರುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಹೆಸರಿಟ್ಟಿದ್ದಾರೆ. ಜೊತೆಗಾರನೊಂದಿಗೆ ಹೊಡೆದಾಡುವ ಹಂತ ಬಂದಾಗ 16 ಔನ್ಸ್‌ನ ಗ್ಲೌಸ್, ಮೊಣಕಾಲಿನ ಕೆಳಗಿನ ಮೂಳೆಗೆ ಶಿನ್‌ಗಾರ್ಡ್, ಗಂಡಸರಿಗೆ ಜನನಾಂಗದ ಕವಚ. ಟಿವಿಯಲ್ಲಿ ಕಾಣುವ ಬೆರಳು ತೆರೆದ ಗ್ಲೌಸ್ ವೃತ್ತಿಪರರ ಪಂದ್ಯಕ್ಕಾಗಿ ಇರುವುದು. ಅದರ ತೂಕ ಸುಮಾರು 4 ಔನ್ಸ್ ಮಾತ್ರ, ಸ್ಪಾರಿಂಗ್‌ಗೆ ಅದು ಸಲ್ಲ. ಆದರೂ ಹೊಸಬರು ಮೊದಲು ಕೊಳ್ಳುವುದು ಅದನ್ನೇ.

ಮೊದಲ ತಿಂಗಳು

ವಾರಕ್ಕೆ ಮೂರು ದಿನ ಸಾಕು: ಎರಡು ದಿನ ನೆಲ, ಒಂದು ದಿನ ಹೊಡೆತ. ಆರು ದಿನ ಹೋಗುವವರ ಉತ್ಸಾಹ ಮೂರನೆಯ ವಾರಕ್ಕೆ ಪಕ್ಕೆಲುಬಿನ ನೋವಾಗಿ ಪರಿಣಮಿಸುತ್ತದೆ.

ಬೀಳುವುದನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಮಾಡಿ, ಅಂಗೈ ಮತ್ತು ಮುಂದೋಳಿನಿಂದ ನೆಲಕ್ಕೆ ಬಡಿಯಬೇಕು. ಕೈಯನ್ನು ನೇರವಾಗಿ ಹಿಂದಕ್ಕೆ ಊರಬಾರದು, ಮಣಿಕಟ್ಟು ಮತ್ತು ಮೊಣಕೈ ಹೋಗುವುದು ಅಲ್ಲೇ. ಜಾರುವ ಮೆಟ್ಟಿಲಿನಲ್ಲೂ ಈ ವಿದ್ಯೆ ಉಪಯೋಗಕ್ಕೆ ಬರುತ್ತದೆ.

ಅದರ ನಂತರ ಸೊಂಟ. ನೆಲದ ಮೇಲೆ ಅಂಗಾತ ಮಲಗಿ, ಒಂದು ಕಾಲೂರಿ, ಸೊಂಟವನ್ನು ಪಕ್ಕಕ್ಕೆ ಜಾರಿಸುವ ಚಲನೆಯನ್ನು ಜಿಮ್‌ಗಳಲ್ಲಿ ಶ್ರಿಂಪ್ ಎನ್ನುತ್ತಾರೆ. ಸೊಂಟವನ್ನು ಮೇಲಕ್ಕೆತ್ತಿ ಭುಜದ ಮೇಲೆ ಹೊರಳುವುದಕ್ಕೆ ಬ್ರಿಡ್ಜ್ ಎಂದು ಹೆಸರು. ಒಂದು ಕೈ, ಒಂದು ಕಾಲು ಊರಿ, ಇನ್ನೊಂದು ಕೈಯಿಂದ ಮುಖ ಕಾಯುತ್ತಾ ಎದ್ದು ನಿಲ್ಲುವುದು ಮೂರನೆಯದು. ಬೇಸರ ಬರಿಸುವ ಅಭ್ಯಾಸಗಳು ಇವು. ಜಿಮ್ಮರ್‌ಸನ್‌ಗೆ ಬೇಕಾಗಿದ್ದದ್ದು ಇವೇ ಮೂರು.

ಆಮೇಲೆ ಸ್ಥಾನಗಳ ಮೇಲುಕೀಳು ತಿಳಿಯಬೇಕು. ಎದುರಾಳಿಯ ಬೆನ್ನು ಹತ್ತಿ ಕಾಲುಗಳನ್ನು ಕೊಕ್ಕೆ ಹಾಕಿದ್ದರೆ ಅದು ಎಲ್ಲಕ್ಕಿಂತ ಮೇಲಿನ ಸ್ಥಾನ. ಎದೆಯ ಮೇಲೆ ಕುಳಿತರೆ ಮೌಂಟ್. ಪಕ್ಕದಿಂದ ಎದೆಯೊತ್ತಿ ಹಿಡಿದರೆ ಸೈಡ್ ಕಂಟ್ರೋಲ್. ಕೆಳಗಿರುವವನು ಎರಡೂ ಕಾಲುಗಳಿಂದ ಮೇಲಿನವನ ಸೊಂಟ ಸುತ್ತಿದ್ದರೆ ಗಾರ್ಡ್. ಮೊದಲ ತಿಂಗಳಲ್ಲಿ ಯಾರನ್ನಾದರೂ ಸೋಲಿಸಬೇಕೆಂಬ ಹಟ ಬೇಡ. ಸೈಡ್ ಕಂಟ್ರೋಲ್‌ನ ಕೆಳಗೆ ಸಿಕ್ಕಿ ಉಸಿರುಗಟ್ಟಿದಂತೆ ಆದಾಗಲೂ ಮೂಗಿನಿಂದ ನಿಧಾನವಾಗಿ ಉಸಿರಾಡಿ, ಮುಂದೋಳನ್ನು ಮೇಲಿನವನ ಕುತ್ತಿಗೆಗೆ ಒತ್ತಿ, ಸೊಂಟ ಜಾರಿಸಿ ಜಾಗ ಮಾಡಿಕೊಳ್ಳುವುದು ಬಂದರೆ ಆ ತಿಂಗಳ ಶುಲ್ಕ ವಸೂಲಾಯಿತು. ಹೊಸಬರೆಲ್ಲ ಮೊದಲ ಒಂದು ನಿಮಿಷಕ್ಕೇ ಏದುಸಿರು ಬಿಡುತ್ತಾರೆ. ಹಲ್ಲು ಕಚ್ಚಿ, ಉಸಿರು ಹಿಡಿದು, ಇಡೀ ಮೈಯನ್ನು ಬಿಗಿಮಾಡಿಕೊಳ್ಳುವುದು ಅದಕ್ಕೆ ಮುಖ್ಯ ಕಾರಣ. ಎಷ್ಟು ಓಡಿದರೂ ಅದು ಸರಿಹೋಗುವುದಿಲ್ಲ, ಕೆಳಗೆ ಸಿಕ್ಕಿಬಿದ್ದು ಸಿಕ್ಕಿಬಿದ್ದು ಸರಿಹೋಗಬೇಕು.

ತಟ್ಟುವ ವಿಷಯದಲ್ಲಿ ಮರ್ಯಾದೆಯ ಪ್ರಶ್ನೆ ತರಬೇಡಿ. ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ತೋಳಿನ ಪಟ್ಟಿನಲ್ಲಿ ನೋವು ಮೊದಲು ಬಂದು ಎಚ್ಚರಿಸುತ್ತದೆ. ಹಿಮ್ಮಡಿ ತಿರುಚುವ ಹೀಲ್‌ಹುಕ್‌ನಲ್ಲಿ ನೋವು ತಿಳಿಯುವಷ್ಟರಲ್ಲಿ ಮಂಡಿಯ ಅಸ್ಥಿರಜ್ಜು ಹರಿದಿರಬಹುದು, ಆದ್ದರಿಂದ ಹೊಸಬರು ಆ ಪಟ್ಟನ್ನು ಹಾಕುವುದೂ ಬೇಡ, ಹಾಕಿಸಿಕೊಳ್ಳುವುದೂ ಬೇಡ; ಜೊತೆಗಾರನಿಗೆ ಮೊದಲೇ ಹೇಳಿ. ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ "ಟ್ಯಾಪ್" ಎಂದು ಕೂಗಿದರೂ ಸಾಕು.

ಎರಡರಿಂದ ಆರನೆಯ ತಿಂಗಳು

ಈಗ ಕೆಡವುವುದನ್ನು ಸೇರಿಸಿ. ಎರಡೂ ಕಾಲು ಹಿಡಿದು ಕೆಡವುವುದು, ಒಂದು ಕಾಲು ಹಿಡಿದು ಕೆಡವುವುದು, ಮತ್ತು ಅವೆರಡನ್ನೂ ತಡೆಯಲು ಸೊಂಟವನ್ನು ಹಿಂದಕ್ಕೆ ಚಿಮ್ಮಿ ಎದುರಾಳಿಯ ಬೆನ್ನ ಮೇಲೆ ಭಾರ ಹಾಕುವ ಸ್ಪ್ರಾಲ್. ಮೂರೇ ಸಾಕು. ತಲೆ ಬಗ್ಗಿಸಿ ನುಗ್ಗುವ ಚಟ ಆರಂಭದಲ್ಲೇ ಬಿಡಿ. ಬೆನ್ನು ನೆಟ್ಟಗೆ, ಕಣ್ಣು ಮುಂದೆ ಇರಬೇಕು. ಇಲ್ಲವಾದರೆ ಕುತ್ತಿಗೆ ಅವನ ಕಂಕುಳಿಗೆ ಸಿಕ್ಕಿ ಗಿಲೋಟಿನ್ ಪಟ್ಟಿಗೆ ಬೀಳುತ್ತದೆ.

ಹೊಡೆತದಲ್ಲಿ ನಿಲುವು, ಹೆಜ್ಜೆ, ಮುಂದಿನ ಕೈಯ ನೇರ ಗುದ್ದು ಜ್ಯಾಬ್, ಹಿಂದಿನ ಕೈಯ ನೇರ ಗುದ್ದು ಕ್ರಾಸ್, ತೊಡೆಗೆ ಬೀಳುವ ಲೋ ಕಿಕ್, ಅದನ್ನು ಮೊಣಕಾಲೆತ್ತಿ ತಡೆಯುವುದು. ತಿರುಗಿ ಒದೆಯುವುದನ್ನೆಲ್ಲ ಮುಂದಿನ ವರ್ಷಕ್ಕೆ ಇಡಿ. ಬಾಕ್ಸಿಂಗ್‌ನ ನಿಲುವಿನಲ್ಲಿ ಮುಂದಿನ ಕಾಲಿನ ಮೇಲೆ ತೀರ ಭಾರ ಹಾಕಿ ನಿಂತರೆ ಆ ಕಾಲಿಗೆ ಒದೆ ಬೀಳುತ್ತದೆ, ಅಥವಾ ಅದನ್ನೇ ಹಿಡಿದು ಕೆಡವುತ್ತಾರೆ. ವಿದ್ಯೆಗಳ ನಡುವಿನ ಸಂದಿ ಎಂದು ಮೊದಲು ಹೇಳಿದ್ದು ಇದನ್ನೇ. ಬೇರೆಬೇರೆ ತರಗತಿಗಳಲ್ಲಿ ಕಲಿತದ್ದು ಪರಸ್ಪರ ಜಗಳವಾಡುವ ಜಾಗ ಅದು. ನಾಲ್ಕನೆಯ ತಿಂಗಳಿನಿಂದ ವಾರಕ್ಕೊಮ್ಮೆ ಎಂಎಂಎ ತರಗತಿಯಲ್ಲೇ ಈ ಜಗಳ ಬಿಡಿಸಬೇಕು: ಜ್ಯಾಬ್ ತೋರಿಸಿ ಕಾಲು ಹಿಡಿಯುವುದು, ಗೋಡೆಗೆ ಒತ್ತಿ ಹಿಡಿದವನಿಂದ ಬಿಡಿಸಿಕೊಳ್ಳುವುದು.

ಸ್ಪಾರಿಂಗ್ ಬಗ್ಗೆ ನಾನು ಹಟಮಾರಿ. ಆರು ತಿಂಗಳವರೆಗೆ ತಲೆಗೆ ಜೋರಿನ ಏಟಿರುವ ಸ್ಪಾರಿಂಗ್ ಬೇಡವೇ ಬೇಡ. ಮೈಗೆ ಮಾತ್ರ ಹೊಡೆಯುವ, ಅಥವಾ ಮುಖಕ್ಕೆ ಸ್ಪರ್ಶಿಸಿ ಬಿಡುವ ಆಟ ಕಲಿಕೆಗೆ ಸಾಕು. ಯುಎಫ್‌ಸಿಯ ಮಾಜಿ ಚಾಂಪಿಯನ್ ಮ್ಯಾಕ್ಸ್ ಹಾಲೊವೇ ತಾನು ಸ್ಪಾರಿಂಗ್ ಮಾಡದೆಯೇ ಪಂದ್ಯಕ್ಕೆ ಸಿದ್ಧನಾಗಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ತಲೆಗವಚ ಹಾಕಿದರೆ ಏನೂ ಆಗದೆಂಬ ನಂಬಿಕೆ ತಪ್ಪು. ಅದು ಹುಬ್ಬು ಸೀಳುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಏಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಮಂಪರು, ಬೆಳಕು ಸಹಿಸಲಾಗದಿರುವುದು, ಮಾತಿನಲ್ಲಿ ಗೊಂದಲ ಯಾವುದು ಕಂಡರೂ ಆ ದಿನದ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಾ ಹೋದರೆ, ಪ್ರಜ್ಞೆ ತಪ್ಪಿದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ಚರ್ಮ, ಕಿವಿ, ಊಟ

ನಮ್ಮ ಸೆಕೆಗೆ ಮ್ಯಾಟ್ ಮೇಲೆ ಹುಳುಕಡ್ಡಿ ಬೇಗ ಹರಡುತ್ತದೆ. ಅಭ್ಯಾಸ ಮುಗಿದ ತಕ್ಷಣ ಸ್ನಾನ, ಬೆವರಿನ ಬಟ್ಟೆ ಅಂದೇ ಒಗೆಯುವುದು, ಉಗುರು ಕತ್ತರಿಸುವುದು, ಮ್ಯಾಟ್‌ನಿಂದಾಚೆ ಚಪ್ಪಲಿ ಹಾಕುವುದು, ಇಷ್ಟರಲ್ಲಿ ಬಹುಪಾಲು ತಪ್ಪುತ್ತದೆ. ದುಂಡಗಿನ ಕೆಂಪು ಕಲೆ ಕಂಡರೆ ಗುಣವಾಗುವವರೆಗೆ ಮ್ಯಾಟ್ ಹತ್ತಬೇಡಿ. ಔಷಧದಂಗಡಿಯವನು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಮಾತ್ರ ಖಂಡಿತ ಬೇಡ. ಎರಡು ದಿನ ತುರಿಕೆ ನಿಂತಂತೆ ಕಾಣುತ್ತದೆ, ಆಮೇಲೆ ಇನ್ನಷ್ಟು ಹಬ್ಬುತ್ತದೆ. ಚರ್ಮವೈದ್ಯರು ಹೇಳಿದ ಔಷಧವನ್ನು ಹೇಳಿದಷ್ಟು ವಾರ ಹಚ್ಚಿ.

ಕಿವಿ ಉಜ್ಜಿ ಉಜ್ಜಿ ಊದಿಕೊಂಡರೆ ಅದರೊಳಗೆ ರಕ್ತ ಕಟ್ಟಿರುತ್ತದೆ. ಬೇಗ ತೆಗೆಸದಿದ್ದರೆ ಗಟ್ಟಿಯಾಗಿ ಹಾಗೆಯೇ ಉಳಿಯುತ್ತದೆ. ಪೈಲ್ವಾನರಿಗೆ ಆ ಕಿವಿಯ ಬಗ್ಗೆ ಹೆಮ್ಮೆ ಇದೆ. ನಿಮಗೆ ಬೇಡವಾದರೆ ಕಿವಿಗವಚ ಸಿಗುತ್ತದೆ.

ಊಟಕ್ಕೆ ದುಬಾರಿ ಡಬ್ಬಿಗಳು ಬೇಕಿಲ್ಲ. ರಾಗಿಮುದ್ದೆ, ಮೊಳಕೆ ಹುರುಳಿಯ ಸಾರು, ಮೊಟ್ಟೆ, ಮೊಸರು, ಮೀನು, ಕಡಲೆಬೀಜ ಇರುವ ಅಡುಗೆಮನೆಯಲ್ಲಿ ಆರಂಭಿಕರಿಗೆ ಬೇಕಾದದ್ದು ಇದೆ. ಸಾಮಾನ್ಯವಾಗಿ ನಾವು ಕಡಿಮೆ ಮಾಡುವುದು ಪ್ರೋಟೀನ್ ಒಂದನ್ನೇ. ಅನ್ನದ ರಾಶಿ ಸ್ವಲ್ಪ ತಗ್ಗಿಸಿ ಬೇಳೆಯ ಪಾಲು ಹೆಚ್ಚಿಸಿ. ತರಗತಿಗೆ ಎರಡು ಗಂಟೆ ಮೊದಲೇ ಊಟ ಮುಗಿದಿರಲಿ, ಹೊಟ್ಟೆಯ ಮೇಲೆ ಒಬ್ಬರು ಕುಳಿತುಕೊಳ್ಳುವವರಿದ್ದಾರೆ. ನಿದ್ದೆ ಏಳೆಂಟು ಗಂಟೆ.

ಪಂದ್ಯ ಆಡಬೇಕೆನಿಸಿದರೆ

ಎಲ್ಲರೂ ಆಡಬೇಕಾಗಿಲ್ಲ, ಹೆಚ್ಚಿನವರು ಆಡುವುದೂ ಇಲ್ಲ. ಆಸೆ ಇದ್ದರೆ ಒಂದು ವರ್ಷವಾದರೂ ಕಳೆಯಲಿ, ಮತ್ತು ಮೊದಲ ಸ್ಪರ್ಧೆ ಜಿಯು-ಜಿಟ್ಸು ಅಥವಾ ಕುಸ್ತಿಯದ್ದಾಗಿರಲಿ. ಜನರ ಮುಂದೆ ಕೈಕಾಲು ನಡುಗುವ ಅನುಭವ ಅಲ್ಲೇ ಆಗಿಬಿಡುತ್ತದೆ, ತಲೆಗೆ ಏಟಿಲ್ಲದೆ.

ಎಂಎಂಎ ಪಂದ್ಯಕ್ಕೆ ಹೆಸರು ಕೊಡುವ ಮೊದಲು ಆಯೋಜಕರನ್ನು ಕೇಳಬೇಕಾದದ್ದು ಇದೆ. ಕಣದ ಪಕ್ಕದಲ್ಲಿ ವೈದ್ಯರು ಇರುತ್ತಾರೆಯೇ? ಆಂಬುಲೆನ್ಸ್ ಬಾಗಿಲಲ್ಲಿ ನಿಂತಿರುತ್ತದೆಯೇ? ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು? ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತಪರೀಕ್ಷೆ ಕೇಳುತ್ತಾರೆಯೇ? ರೆಫರಿಗೆ ಅನುಭವ ಇದೆಯೇ? 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದು ಕುಸಿದ ಮೈಸೂರಿನ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಸ್ಥಳದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರಲಿಲ್ಲವೆಂದು ಕುಟುಂಬದವರು ದೂರಿದರು. ಈ ಪ್ರಶ್ನೆಗಳಿಗೆ "ಎಲ್ಲ ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬಂದರೆ ಹೆಸರು ಹಿಂದಕ್ಕೆ ತೆಗೆದುಕೊಳ್ಳಿ.

ಮೊದಲ ಪಂದ್ಯಕ್ಕೆ ನೀರು ಬಿಟ್ಟು ತೂಕ ಇಳಿಸುವ ಸಾಹಸವೂ ಬೇಡ. 2015ರ ಡಿಸೆಂಬರ್‌ನಲ್ಲಿ ಯಾಂಗ್ ಜಿಯಾನ್‌ಬಿಂಗ್ ಎಂಬ 21 ವರ್ಷದ ಚೀನೀ ಆಟಗಾರ ಮನಿಲಾದ ಪಂದ್ಯಕ್ಕಾಗಿ ತೂಕ ಇಳಿಸುತ್ತಿದ್ದಾಗ ಕುಸಿದು ತೀರಿಕೊಂಡ. ಅದಾದ ಮೇಲೆ ಆ ಪಂದ್ಯ ನಡೆಸುತ್ತಿದ್ದ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ಮೈನೀರು ಹಿಂಡಿ ತೂಕ ಇಳಿಸುವುದನ್ನು ನಿಷೇಧಿಸಿತು. ನೀವು ಬೆಳಿಗ್ಗೆ ತಿಂಡಿ ತಿಂದು ತಕ್ಕಡಿ ಹತ್ತಿದಾಗ ಬರುವ ತೂಕ ಯಾವ ವರ್ಗಕ್ಕೆ ಸೇರುತ್ತದೆಯೋ ಆ ವರ್ಗದಲ್ಲೇ ಹೆಸರು ಬರೆಸಿ.